ಆಂಡಲೂಸಿಯಾದಲ್ಲಿ ಸೋಮವಾರ: ತೆರೆದ ಬಾಗಿಲುಗಳನ್ನು ಹುಡುಕುವ ಬಗೆ

ಸ್ಪೇನಿನ ದಕ್ಷಿಣ ಭಾಗವನ್ನು ಆವರಿಸಿರುವ ಆಂಡಲೂಸಿಯಾಕ್ಕೆ ಹೊರಡುವ ನಮ್ಮವರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಸೆವಿಯಾದಲ್ಲಿ ಎರಡು ದಿನ, ಕೊರ್ಡೊಬಾದಲ್ಲಿ ಒಂದು ದಿನ, ಗ್ರಾನಡಾದಲ್ಲಿ ಎರಡು ದಿನ, ಕೊನೆಗೆ ಮಾಲಗಾದ ಕಡಲತೀರ. ವಿಮಾನದ ದರ, ರೈಲಿನ ವೇಳೆ, ಹೋಟೆಲಿನ ಬಾಡಿಗೆಗಳನ್ನು ವಾರಗಟ್ಟಲೆ ಅಳೆದು ತೂಗುವವರು ಕೂಡ ಆ ಪಟ್ಟಿಯಲ್ಲಿ ಸೋಮವಾರ ಯಾವ ಊರಿನ ಪಾಲಿಗೆ ಬಂದಿದೆ ಎಂಬುದನ್ನು ನೋಡಲು ಮರೆಯುತ್ತಾರೆ.

ನಾನೂ ಮರೆತಿದ್ದೆ. ಮೊದಲ ಸಲ ಹೋದಾಗ, ಅಲ್ಲಿನ ಒಂದು ಊರಿನ ಪುರಾತತ್ವ ಸಂಗ್ರಹಾಲಯದ ಮುಂದೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಂತು, ಬಾಗಿಲು ತೆರೆಯುವುದು ತಡವಾಗಿರಬೇಕು ಎಂದುಕೊಂಡು ಮುಕ್ಕಾಲು ಗಂಟೆ ಕಾದೆ. ಬಾಗಿಲ ಪಕ್ಕದ ಫಲಕದಲ್ಲಿ ಎಲ್ಲವನ್ನೂ ಬರೆದಿದ್ದರು. ಅದನ್ನು ಓದಲು ನನಗೆ ಬರುತ್ತಿರಲಿಲ್ಲ, ಅಷ್ಟೇ. ಕೊನೆಗೆ ಎದುರು ಮನೆಯ ಹೊಸಿಲು ತೊಳೆಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ಮರುಗಿ, ‘ಲೂನೆ, ಸೆರ್ರಾವೊ’ ಎಂದರು. ಸೋಮವಾರ, ಮುಚ್ಚಿದೆ ಎಂದು ಅದರ ಅರ್ಥ. ಪುಸ್ತಕದ ಸ್ಪ್ಯಾನಿಷ್‌ನಲ್ಲಿ ಅದು ‘ಲೂನೆಸ್, ಸೆರ್ರಾದೊ’. ಆಂಡಲೂಸಿಯಾದವರು ಪದದ ಕೊನೆಯ ‘ಸ’ಕಾರವನ್ನೂ ನಡುವಿನ ‘ದ’ಕಾರವನ್ನೂ ನುಂಗಿ ಮಾತಾಡುತ್ತಾರೆ.

ಸಂಗ್ರಹಾಲಯಗಳು ಸೋಮವಾರ ಮುಚ್ಚಿರುವುದು ನಮಗೆ ಹೊಸದೇನಲ್ಲ. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಅಂದು ರಜೆಯೇ. ಆದರೆ ಆಂಡಲೂಸಿಯಾದ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಎಲ್ಲವೂ ಮುಚ್ಚುವುದಿಲ್ಲ, ಎಲ್ಲವೂ ತೆರೆದಿರುವುದೂ ಇಲ್ಲ. ಒಂದೇ ಚೌಕದ ಎದುರುಬದುರು ಕಟ್ಟಡಗಳಲ್ಲಿ ಒಂದು ತೆರೆದಿದ್ದು ಇನ್ನೊಂದು ಮುಚ್ಚಿರುತ್ತದೆ. ಇದರಲ್ಲಿ ಒಂದು ಕ್ರಮವಿದೆ. ಆ ಕ್ರಮ ತಿಳಿದರೆ ಪ್ರತಿಯೊಂದು ಸ್ಥಳದ ವೇಳಾಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಮೊದಲು ಕೇಳಬೇಕಾದದ್ದು: ಬೀಗದ ಕೈ ಯಾರ ಬಳಿ ಇದೆ?

ಸೆವಿಯಾದ ನಡುಮಧ್ಯದಲ್ಲಿ ಮೂರು ಕಟ್ಟಡಗಳು ಅಕ್ಕಪಕ್ಕದಲ್ಲಿವೆ: ಕ್ಯಾಥೆಡ್ರಲ್, ಅಲ್ಕಾಸರ್ ಅರಮನೆ ಮತ್ತು ಅಮೆರಿಕ ಖಂಡಗಳ ಸ್ಪ್ಯಾನಿಷ್ ಆಳ್ವಿಕೆಯ ಕಡತಗಳನ್ನಿಟ್ಟಿರುವ ಆರ್ಕೀವೊ ದೆ ಇಂದಿಯಾಸ್. ಮೂರನ್ನೂ ಯುನೆಸ್ಕೊ 1987ರಲ್ಲಿ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದರಿಂದ ಇನ್ನೊಂದಕ್ಕೆ ನಡೆಯಲು ಎರಡು ನಿಮಿಷವೂ ಬೇಡ. ಆದರೂ ಸೋಮವಾರ ಕ್ಯಾಥೆಡ್ರಲ್ ತೆರೆದಿರುತ್ತದೆ, ಅಲ್ಕಾಸರ್ ತೆರೆದಿರುತ್ತದೆ, ಆರ್ಕೀವೊ ಮುಚ್ಚಿರುತ್ತದೆ. ಕಾರಣ ಸರಳವಾದದ್ದು. ಕ್ಯಾಥೆಡ್ರಲ್ ಚರ್ಚಿನ ಆಡಳಿತಕ್ಕೆ ಸೇರಿದ್ದು. ಅಲ್ಕಾಸರ್ ನಗರಸಭೆಯ ಅಧೀನದ ಒಂದು ಪ್ರತ್ಯೇಕ ಮಂಡಳಿಯ ಕೈಯಲ್ಲಿದೆ. ಆರ್ಕೀವೊ ಸ್ಪೇನಿನ ಸಂಸ್ಕೃತಿ ಸಚಿವಾಲಯದ್ದು. ಯಾರ ಆಡಳಿತವೋ ಅವರ ವಾರದ ರಜೆ.

ಇದನ್ನೇ ಇಡೀ ಪ್ರಾಂತ್ಯಕ್ಕೆ ಹಿಗ್ಗಿಸಿ ನೋಡಬಹುದು. ಹುಂತಾ ದೆ ಆಂಡಲೂಸಿಯಾ ಎಂಬ ಪ್ರಾದೇಶಿಕ ಸರ್ಕಾರ ನಡೆಸುವ ಸಂಗ್ರಹಾಲಯಗಳು ಮತ್ತು ಪುರಾತತ್ವ ನೆಲೆಗಳು ಸೋಮವಾರ ಮುಚ್ಚಿರುತ್ತವೆ. ಸೆವಿಯಾ ಮತ್ತು ಗ್ರಾನಡಾಗಳ ಲಲಿತಕಲಾ ಸಂಗ್ರಹಾಲಯಗಳು, ಕೊರ್ಡೊಬಾದ ಪುರಾತತ್ವ ಸಂಗ್ರಹಾಲಯ, ಮಾಲಗಾದ ಹಳೆಯ ಸುಂಕದ ಕಟ್ಟಡದಲ್ಲಿರುವ ಮಾಲಗಾ ಸಂಗ್ರಹಾಲಯ, ಕಾದಿಸ್‌ನ ಸಂಗ್ರಹಾಲಯ, ಸೆವಿಯಾದ ಹೊರವಲಯದ ರೋಮನ್ ಪಟ್ಟಣ ಇತಾಲಿಕಾ, ಕೊರ್ಡೊಬಾದ ಬಳಿಯ ಮೆದೀನಾ ಅಸಾರಾ, ಅಂತೆಕೇರಾದ ಬೃಹತ್ ಶಿಲಾಸಮಾಧಿಗಳು, ಅಲ್ಮೇರಿಯಾದ ಕೋಟೆ ಇವೆಲ್ಲ ಈ ಗುಂಪಿನವು. ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಇಲ್ಲಿ ಪ್ರವೇಶ ಉಚಿತ. ನಮ್ಮಂಥವರಿಗೆ ಇರುವ ಶುಲ್ಕವೂ ಒಂದು ಕಾಫಿಯ ಬೆಲೆಯನ್ನು ಮೀರುವುದಿಲ್ಲ. ಹಣ ಉಳಿಸುವ ಆಸೆಯಿಂದ ಇವನ್ನು ಪಟ್ಟಿಗೆ ಸೇರಿಸಿಕೊಂಡವರೇ ಸೋಮವಾರದ ಬಲೆಗೆ ಮೊದಲು ಬೀಳುವುದು.

ಈ ನಿಯಮಕ್ಕೆ ಒಂದು ದೊಡ್ಡ ಹೊರತು ಇದೆ, ಅದು ಗ್ರಾನಡಾದ ಬೆಟ್ಟದ ಮೇಲೆ ಅರಮನೆ, ಕೋಟೆ, ತೋಟಗಳ ಸಮೂಹವಾಗಿರುವ ಅಲ್ಹಂಬ್ರಾ. ಅದೂ ಪ್ರಾದೇಶಿಕ ಸರ್ಕಾರಕ್ಕೇ ಸೇರಿದ್ದಾದರೂ ಅದಕ್ಕೆ ತನ್ನದೇ ಆದ ಪಾಲನಾ ಮಂಡಳಿಯಿದ್ದು, ಡಿಸೆಂಬರ್ 25 ಮತ್ತು ಜನವರಿ 1 ಬಿಟ್ಟು ವರ್ಷವಿಡೀ ತೆರೆದಿರುತ್ತದೆ.

ಚರ್ಚುಗಳದ್ದು ತಿರುಗುಮುರುಗು ಲೆಕ್ಕ. ಅವುಗಳಿಗೆ ಕಷ್ಟದ ದಿನ ಭಾನುವಾರ, ಏಕೆಂದರೆ ಅಂದು ಪೂಜೆ ನಡೆಯುತ್ತದೆ, ಪ್ರವಾಸಿಗರಿಗೆ ಉಳಿಯುವುದು ತುಂಡು ಸಮಯ ಮಾತ್ರ. ಸೋಮವಾರ ಅವು ಬಿಡುವಾಗಿ ತೆರೆದಿರುತ್ತವೆ. ಖಾಸಗಿ ಮನೆತನಗಳ ಅರಮನೆಗಳಲ್ಲಿ ಎರಡು ಬಗೆಯವೂ ಇವೆ: ಸೆವಿಯಾದ ದೊಡ್ಡ ಅರಮನೆಗಳು ವಾರವಿಡೀ ತೆರೆದಿದ್ದರೆ, ಕೊರ್ಡೊಬಾದಲ್ಲಿ ಹನ್ನೆರಡು ಒಳಾಂಗಣಗಳಿಂದ ಹೆಸರಾದ ವಿಯಾನಾ ಅರಮನೆಗೆ ಸೋಮವಾರ ರಜೆ. ಇನ್ನು ನಗರಸಭೆಗಳ ಕೈಯಲ್ಲಿರುವ ಸ್ಥಳಗಳ ಬಗ್ಗೆ ಮಾತ್ರ ಯಾವ ನಿಯಮವನ್ನೂ ನಂಬಬಾರದು. ಮಾಲಗಾ ನಗರಸಭೆಯ ಅಲ್ಕಾಸಾಬಾ ಕೋಟೆ ದಿನವೂ ತೆರೆಯುತ್ತದೆ. ಕೊರ್ಡೊಬಾ ನಗರಸಭೆಯ ಅಲ್ಕಾಸರ್ ಸೋಮವಾರ ಮುಚ್ಚಿರುತ್ತದೆ. ಹೆಸರು ಒಂದೇ ಆದ್ದರಿಂದ ಸೆವಿಯಾದ ಅಲ್ಕಾಸರಿನ ವೇಳೆಯನ್ನು ಕೊರ್ಡೊಬಾದ್ದೆಂದು ಓದಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುವುದೂ ಸುಲಭ.

ಎರಡನೆಯದು: ಫಲಕ ಓದಲು ಕಲಿಯುವುದು

ಸ್ಪ್ಯಾನಿಷ್ ಬಾರದಿದ್ದರೂ ನಡೆಯುತ್ತದೆ, ಆದರೆ ವಾರದ ದಿನಗಳ ಹೆಸರು ಗೊತ್ತಿರಲೇಬೇಕು. ಅದು ಕನ್ನಡಿಗರಿಗೆ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಸುಲಭ, ಏಕೆಂದರೆ ಅಲ್ಲಿಯೂ ದಿನಗಳಿಗೆ ಗ್ರಹಗಳ ಹೆಸರೇ ಇವೆ, ನಮ್ಮ ಕ್ರಮದಲ್ಲಿಯೇ ಇವೆ. ಲೂನೆಸ್ ಎಂದರೆ ಲೂನಾ, ಅಂದರೆ ಚಂದ್ರ, ಹಾಗಾಗಿ ಸೋಮವಾರ. ಮಾರ್ತೆಸ್ ಎಂದರೆ ಮಾರ್ಸ್, ಮಂಗಳ. ಮಿಯೆರ್ಕೊಲೆಸ್ ಬುಧ, ಹುಯೆವೆಸ್ ಗುರು, ವಿಯೆರ್ನೆಸ್ ಶುಕ್ರ. ಸಾಬಾದೊ ಮತ್ತು ದೊಮಿಂಗೊ ಮಾತ್ರ ಗ್ರಹಗಳನ್ನು ಬಿಟ್ಟು ಧರ್ಮದ ಕಡೆ ಹೋಗಿವೆ. ಅವು ಕ್ರಮವಾಗಿ ಶನಿವಾರ ಮತ್ತು ಭಾನುವಾರ.

ಇನ್ನು ಒಂದು ಮಾದರಿ ಫಲಕವನ್ನು ನೋಡೋಣ. ಪ್ರಾದೇಶಿಕ ಸರ್ಕಾರದ ಸಂಗ್ರಹಾಲಯಗಳ ಬಾಗಿಲಲ್ಲಿ ಬಹುಮಟ್ಟಿಗೆ ಹೀಗಿರುತ್ತದೆ: ‘ದೆ ಮಾರ್ತೆಸ್ ಆ ಸಾಬಾದೊ, 9:00–21:00. ದೊಮಿಂಗೋಸ್ ಇ ಫೆಸ್ತಿವೋಸ್, 9:00–15:00. ಲೂನೆಸ್, ಸೆರ್ರಾದೊ.’ ಮೊದಲ ಸಾಲು ಮಂಗಳವಾರದಿಂದ ಶನಿವಾರದವರೆಗಿನ ಸಮಯ. ಎರಡನೆಯದು ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳದ್ದು. ಅಂದು ಮಧ್ಯಾಹ್ನ ಮೂರಕ್ಕೇ ಬಾಗಿಲು ಹಾಕುತ್ತಾರೆ. ಮೂರನೆಯದು ನಮಗೆ ಬೇಕಾದದ್ದು. ಈ ಮೂರು ಸಾಲನ್ನು ಒಟ್ಟಿಗೆ ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ: ಭಾನುವಾರ ಮಧ್ಯಾಹ್ನ ಮೂರರಿಂದ ಮಂಗಳವಾರ ಬೆಳಿಗ್ಗೆ ಒಂಬತ್ತರವರೆಗೆ, ಅಂದರೆ ಸತತ 42 ಗಂಟೆ, ಆ ಸಂಗ್ರಹಾಲಯ ನಮ್ಮ ಕೈಗೆ ಸಿಗುವುದಿಲ್ಲ. ಶನಿವಾರ ರಾತ್ರಿ ಊರಿಗೆ ಬಂದಿಳಿದು ಮಂಗಳವಾರ ಮುಂಜಾನೆ ರೈಲು ಹತ್ತುವವರಿಗೆ ಭಾನುವಾರದ ಬೆಳಗೊಂದೇ ದಾರಿ. ಸೋಮವಾರದ ಬಗ್ಗೆ ಎಚ್ಚರವಿದ್ದವರೂ ಭಾನುವಾರ ಮಧ್ಯಾಹ್ನದ ಈ ಪಾಠವನ್ನು ಊಟ ಮುಗಿಸಿ ಹೋದಮೇಲೆಯೇ ಕಲಿಯುವುದು.

‘ತೋದೊಸ್ ಲೊಸ್ ದೀಯಾಸ್’ ಎಂದಿದ್ದರೆ ಎಲ್ಲ ದಿನವೂ ತೆರೆದಿರುತ್ತದೆ ಎಂದರ್ಥ. ‘ದೆ ಲೂನೆಸ್ ಆ ದೊಮಿಂಗೊ’ ಎಂದರೂ ಅದೇ. ‘ಎಸ್ಸೆಪ್ತೊ’ ಎಂಬ ಪದ ಕಂಡರೆ ನಿಂತು ಮುಂದಿನ ಪದ ಓದಬೇಕು, ಅದು ‘ಹೊರತು’ ಎನ್ನುವ ಪದ. ‘ಉಲ್ತಿಮೊ ಆಕ್ಸೆಸೊ’ ಕೊನೆಯ ಪ್ರವೇಶದ ಸಮಯ. ಮುಚ್ಚುವ ಸಮಯಕ್ಕಿಂತ ಅರ್ಧ ಗಂಟೆ, ಕೆಲವೆಡೆ ಒಂದು ಗಂಟೆ ಮೊದಲೇ ಇರುತ್ತದೆ.

ಕೆಲವು ಫಲಕಗಳಲ್ಲಿ ದಿನಗಳನ್ನು ಒಂದೊಂದೇ ಅಕ್ಷರದಲ್ಲಿ ಬರೆದಿರುತ್ತಾರೆ: ಎಲ್, ಎಂ, ಎಕ್ಸ್, ಜೆ, ವಿ, ಎಸ್, ಡಿ. ಇಲ್ಲಿ ಎಂ ಅಕ್ಷರವನ್ನು ಕಂಡ ಕೂಡಲೇ ಇಂಗ್ಲಿಷಿನ ಅಭ್ಯಾಸದಿಂದ ‘ಮಂಡೆ’ ಎಂದು ಓದಿಕೊಳ್ಳುತ್ತೇವೆ. ಅದು ಮಾರ್ತೆಸ್, ಮಂಗಳವಾರ. ಸೋಮವಾರದ ಅಕ್ಷರ ಎಲ್. ಮಂಗಳ, ಬುಧ ಎರಡೂ ಎಂ ಅಕ್ಷರದಿಂದಲೇ ಆರಂಭವಾಗುವುದರಿಂದ ಗೊಂದಲ ತಪ್ಪಿಸಲು ಬುಧವಾರಕ್ಕೆ ಎಕ್ಸ್ ಕೊಟ್ಟಿದ್ದಾರೆ. ‘ಎಂ–ಡಿ’ ಎಂದು ಬರೆದಿದ್ದರೆ ಮಂಗಳವಾರದಿಂದ ಭಾನುವಾರ ಎಂದೇ ಹೊರತು ಸೋಮವಾರದಿಂದ ಅಲ್ಲ. ಈ ಲೇಖನದಿಂದ ಒಂದೇ ಒಂದು ಸಾಲನ್ನು ಬರೆದಿಟ್ಟುಕೊಳ್ಳುವುದಾದರೆ ಇದನ್ನೇ ಬರೆದಿಟ್ಟುಕೊಳ್ಳಿ ಎನ್ನುವೆ.

ಮೊಬೈಲಿನ ನಕ್ಷೆಯಲ್ಲಿ ಕಾಣುವ ‘ತೆರೆದಿದೆ’ ಎಂಬ ಹಸಿರು ಅಕ್ಷರಗಳನ್ನು ಸಾಮಾನ್ಯ ದಿನಗಳಲ್ಲಿ ನಂಬಬಹುದು, ರಜಾದಿನಗಳ ಆಸುಪಾಸಿನಲ್ಲಿ ನಂಬಬಾರದು. ಸ್ಥಳದ ಸ್ವಂತ ಜಾಲತಾಣಕ್ಕೆ ಹೋಗಿ ‘ಒರಾರಿಯೊಸ್’ ಎಂಬ ಪುಟವನ್ನು ತೆರೆಯುವುದೇ ಸರಿಯಾದ ದಾರಿ. ಹುಡುಕಿದಾಗ ಮೊದಲು ಕಾಣುವುದು ಟಿಕೆಟ್ ಮರುಮಾರಾಟದ ತಾಣಗಳೇ ಆಗಿರುವುದುಂಟು. ಸಮಯವನ್ನು ಅವುಗಳಿಂದ ತಿಳಿಯಬಾರದು, ಬೆಲೆಯನ್ನಂತೂ ಅಲ್ಲವೇ ಅಲ್ಲ. ಊರಿಗೆ ಬಂದಿಳಿದ ಮೇಲೆ ಪ್ರವಾಸಿ ಮಾಹಿತಿ ಕಚೇರಿಗೆ ಹೋಗಿ ಸ್ಮಾರಕಗಳ ವೇಳಾಪಟ್ಟಿ ಕೇಳಿದರೆ, ಹಲವು ಊರುಗಳಲ್ಲಿ ಎಲ್ಲ ಸ್ಥಳಗಳ ಸಮಯವನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಡುತ್ತಾರೆ. ನಾನು ಕಂಡ ಯಾವ ಆ್ಯಪ್‌ಗಿಂತಲೂ ಆ ಹಾಳೆ ಮೇಲು.

ಮೂರನೆಯದು: ಸೋಮವಾರವನ್ನು ಯಾವ ಊರಿಗೆ ಕೊಡುವುದು?

ಸೋಮವಾರವನ್ನು ತಪ್ಪಿಸಲಾಗದು, ಆದರೆ ಅದನ್ನು ಎಲ್ಲಿ ಕಳೆಯಬೇಕೆಂಬುದು ನಮ್ಮ ಕೈಯಲ್ಲಿದೆ. ನನ್ನ ಲೆಕ್ಕದಲ್ಲಿ ಸೆವಿಯಾ ಅದಕ್ಕೆ ಅತ್ಯಂತ ಯೋಗ್ಯ, ಗ್ರಾನಡಾ ಮತ್ತು ಮಾಲಗಾ ಅದರ ಹಿಂದೆಯೇ ಬರುತ್ತವೆ, ಕೊರ್ಡೊಬಾ ಎಲ್ಲಕ್ಕಿಂತ ಕೊನೆಗೆ.

ಸೆವಿಯಾದಿಂದ ಆರಂಭಿಸೋಣ. ಅಲ್ಕಾಸರ್ ಜನವರಿ 1, ಜನವರಿ 6, ಗುಡ್ ಫ್ರೈಡೆ ಮತ್ತು ಡಿಸೆಂಬರ್ 25 ಹೊರತು ಎಲ್ಲ ದಿನ ತೆರೆದಿರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ದೊರೆ ಮೊದಲನೆಯ ಪೇದ್ರೊ ಮುಸ್ಲಿಂ ಕುಶಲಕರ್ಮಿಗಳ ಕೈಯಿಂದ ಕಟ್ಟಿಸಿದ ಅದರ ಒಳಾಂಗಣಗಳನ್ನು ನೋಡಲು ಬೆಳಗಿನ ಮೊದಲ ಗಂಟೆಗಿಂತ ಒಳ್ಳೆಯ ವೇಳೆ ಇಲ್ಲ. ಸೋಮವಾರ ಸಂಜೆಯ ಕೊನೆಯ ವೇಳೆಗೆ ಇಲ್ಲಿ ಉಚಿತ ಪ್ರವೇಶವೂ ಉಂಟು; ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಬೇಕು, ಅದಕ್ಕೆ ಒಂದು ಯೂರೊದಷ್ಟು ಸೇವಾಶುಲ್ಕ ಬೀಳುತ್ತದೆ. ಬೇಸಿಗೆ ಮತ್ತು ಚಳಿಗಾಲಕ್ಕೆ ಈ ವೇಳೆ ಬೇರೆಬೇರೆ. ಸೀಟುಗಳು ಬಹಳ ಬೇಗ ಮುಗಿಯುತ್ತವೆ. ಆದರೆ ಅಷ್ಟು ದೂರದಿಂದ ಹೋದವರು ಒಂದು ಗಂಟೆಯಲ್ಲಿ ಅರಮನೆಯನ್ನೂ ಅದರ ವಿಸ್ತಾರವಾದ ತೋಟವನ್ನೂ ನೋಡಿ ಮುಗಿಸಲಾರರು. ಎರಡನೆಯ ಸಲ ನೋಡುವವರಿಗೆ ಅದು ಒಳ್ಳೆಯದು, ಮೊದಲ ಸಲದವರು ಪೂರ್ತಿ ಹಣ ಕೊಟ್ಟು ಬೆಳಿಗ್ಗೆ ಹೋಗುವುದೇ ಲೇಸು.

ಕ್ಯಾಥೆಡ್ರಲ್ ಬೆಳಗಿನ ಜಾವ ತೆರೆಯುವುದಿಲ್ಲ. ಪ್ರವಾಸಿಗರಿಗೆ ಅದರ ಬಾಗಿಲು ತೆರೆಯುವುದು ಹನ್ನೊಂದರ ಸುಮಾರಿಗೆ. ಹಾಗಾಗಿ ಅಲ್ಕಾಸರನ್ನು ಮೊದಲಿಟ್ಟು ಕ್ಯಾಥೆಡ್ರಲನ್ನು ಅದರ ಹಿಂದೆ ಇಡುವುದು ಸಹಜವಾದ ಕ್ರಮ. ಕೊಲಂಬಸನ ಸಮಾಧಿ ಇರುವುದು ಇಲ್ಲಿಯೇ. ಹಿಂದೆ ಮಸೀದಿಯ ಮಿನಾರಾಗಿದ್ದ ಹಿರಾಲ್ದಾ ಗೋಪುರಕ್ಕೆ ಹತ್ತಲು ಮೆಟ್ಟಿಲುಗಳ ಬದಲು ಸುತ್ತಿ ಸುತ್ತಿ ಮೇಲೇರುವ ಇಳಿಜಾರು ದಾರಿ ಇದೆ, ಕೊನೆಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಮಂಡಿನೋವಿನ ಹಿರಿಯರೂ ನಿಧಾನಕ್ಕೆ ಹತ್ತಿದ್ದನ್ನು ಕಂಡಿದ್ದೇನೆ. ಇದೇ ಟಿಕೆಟ್ಟಿನಲ್ಲಿ ಹತ್ತು ನಿಮಿಷದ ನಡಿಗೆಯಷ್ಟು ದೂರದ ಸಾಲ್ವದೋರ್ ಚರ್ಚನ್ನೂ ನೋಡಬಹುದು. ಮಧ್ಯಾಹ್ನದ ಬಿಸಿಲಿಗೆ ಕಾಸಾ ದೆ ಪಿಲಾತೋಸ್ ಅಥವಾ ಕವಿ ಆಂತೋನಿಯೊ ಮಚಾದೊ 1875ರಲ್ಲಿ ಹುಟ್ಟಿದ ದುಯೆನ್ಯಾಸ್ ಅರಮನೆ ತಂಪಾದ ಆಸರೆ; ಎರಡೂ ಸೋಮವಾರ ತೆರೆದಿರುತ್ತವೆ. ಸಂಜೆಗೆ 1929ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾ.

ಮರದ ಅಣಬೆಗಳಂತೆ ಕಾಣುವುದರಿಂದ ಊರಿನವರು ‘ಸೇತಾಸ್’, ಅಂದರೆ ಅಣಬೆಗಳು, ಎಂದು ಕರೆಯುವ ಕಟ್ಟಡವೂ ಇಲ್ಲಿದೆ. ಅದರ ಮೇಲಿನ ನಡಿಗೆಹಾದಿ ದಿನವೂ ತೆರೆದಿದ್ದರೆ, ನೆಲಮಾಳಿಗೆಯಲ್ಲಿರುವ ರೋಮನ್ ಅವಶೇಷಗಳ ಆಂತಿಕ್ವಾರಿಯಂ ಸೋಮವಾರ ಮುಚ್ಚಿರುತ್ತದೆ. ಒಂದೇ ಕಟ್ಟಡದ ಮಹಡಿಗೊಂದು ನಿಯಮ, ನೆಲಮಾಳಿಗೆಗೆ ಇನ್ನೊಂದು! ಮುರಿಯೊ ಮತ್ತು ಸುರ್ಬರಾನ್‌ರ ದೊಡ್ಡ ಚಿತ್ರಗಳಿರುವ ಲಲಿತಕಲಾ ಸಂಗ್ರಹಾಲಯವನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಬೇಕು. ಅದನ್ನು ಬಿಟ್ಟು ಬರುವುದು ತರವಲ್ಲ.

ಗ್ರಾನಡಾದಲ್ಲಿ ಸೋಮವಾರ ಅಲ್ಹಂಬ್ರಾಕ್ಕೆ ಮೀಸಲಿಟ್ಟರೆ ದಿನ ಸಾರ್ಥಕ. ಆದರೆ ಆ ಬೆಟ್ಟದ ಮೇಲೂ ಒಂದು ಸಣ್ಣ ತೊಡಕಿದೆ. ದೊರೆ ಐದನೆಯ ಚಾರ್ಲ್ಸ್ 1527ರಲ್ಲಿ ಕಟ್ಟಿಸಲು ತೊಡಗಿದ ಚೌಕಾಕಾರದ ಅರಮನೆಯ ದುಂಡನೆಯ ಅಂಗಳಕ್ಕೆ ಟಿಕೆಟ್ಟಿಲ್ಲದೆಯೇ ಹೋಗಬಹುದು. ಆದರೆ ಅದೇ ಅರಮನೆಯೊಳಗಿರುವ ಅಲ್ಹಂಬ್ರಾ ಸಂಗ್ರಹಾಲಯ ಮತ್ತು ಮಹಡಿಯ ಲಲಿತಕಲಾ ಸಂಗ್ರಹಾಲಯ ಎರಡೂ ಸೋಮವಾರ ಮುಚ್ಚಿರುತ್ತವೆ. ಸಿಂಹಗಳ ಅಂಗಳ, ಕೊಮಾರೆಸ್ ಗೋಪುರ, ಹೆನೆರಲೀಫೆ ತೋಟ, ಕೋಟೆ ಇವಕ್ಕೇನೂ ತೊಂದರೆ ಇಲ್ಲ. ಗ್ರಾನಡಾವನ್ನು ಆಳಿದ ಮುಸ್ಲಿಂ ರಾಜಮನೆತನವಾದ ನಸ್ರಿದ್‌ರ ಕಾಲದ, ಜಿಂಕೆಗಳ ಚಿತ್ರವಿರುವ ಪ್ರಸಿದ್ಧವಾದ ಹೂಜಿಯನ್ನು ನೋಡಲೇಬೇಕೆಂದಿದ್ದರೆ ಮಾತ್ರ ಬೇರೆ ದಿನ ಆರಿಸಬೇಕು. ರಾತ್ರಿಯ ವಿಶೇಷ ಭೇಟಿಯೂ ಸೋಮವಾರ ಇರುವುದಿಲ್ಲ.

ಬೆಟ್ಟದ ಕೆಳಗೆ, ಕ್ಯಾಥೆಡ್ರಲ್ಲೂ ರಾಣಿ ಇಸಾಬೆಲ್ ಮತ್ತು ದೊರೆ ಫೆರ್ನಾಂದೊರ ಸಮಾಧಿಗಳಿರುವ ರಾಜ ಪ್ರಾರ್ಥನಾಮಂದಿರವೂ ಸೋಮವಾರ ತೆರೆದಿರುತ್ತವೆ. ಮಕ್ಕಳೊಂದಿಗೆ ಹೋಗುವವರು ವಿಜ್ಞಾನ ಉದ್ಯಾನವಾದ ಪಾರ್ಕೆ ದೆ ಲಾಸ್ ಸಿಯೆನ್ಸಿಯಾಸ್ ಅನ್ನು ಅಂದು ಪಟ್ಟಿಯಿಂದ ಕೈಬಿಡಬೇಕು. ಕವಿ ಲೋರ್ಕಾನ ಬೇಸಿಗೆ ಮನೆಯಾದ ಉಯೆರ್ತಾ ದೆ ಸಾನ್ ವಿಸೆಂತೆಯೂ ಅಂದು ಮುಚ್ಚಿರುತ್ತದೆ.

ಮಾಲಗಾದ ವಿಚಾರ ಚುಟುಕಾಗಿ ಹೇಳಬಹುದು. 2003ರಲ್ಲಿ ಆರಂಭವಾದ ಪಿಕಾಸೊ ಸಂಗ್ರಹಾಲಯ ವಾರದ ಏಳು ದಿನವೂ ತೆರೆದಿರುತ್ತದೆ. ಬಂದರಿನ ಬಳಿಯ ಬಣ್ಣದ ಗಾಜಿನ ಘನಾಕೃತಿಯ ಕೆಳಗಿರುವ ಪೋಂಪಿದು ಕಲಾಕೇಂದ್ರದ ರಜೆ ಮಂಗಳವಾರ, ಹಾಗಾಗಿ ಸೋಮವಾರ ಅದೂ ಸಿಗುತ್ತದೆ. ಕಾರ್ಮೆನ್ ತಿಸೆನ್ ಸಂಗ್ರಹಾಲಯ ಸಿಗುವುದಿಲ್ಲ. ಅಲ್ಕಾಸಾಬಾ ಮತ್ತು ಅದರ ಮೇಲಿನ ಹಿಬ್ರಾಲ್ಫಾರೊ ಕೋಟೆ ತೆರೆದಿರುತ್ತವೆ. ಅಲ್ಕಾಸಾಬಾದ ಬುಡದಲ್ಲಿರುವ ರೋಮನ್ ರಂಗಮಂದಿರದ ಗೇಟಿಗೆ ಸೋಮವಾರ ಬೀಗವಿದ್ದರೂ ಅದು ಬೀದಿಗೆ ಪೂರ್ತಿ ಕಾಣುವಂತಿರುವುದರಿಂದ ನಷ್ಟವೇನಿಲ್ಲ.

ಕೊರ್ಡೊಬಾದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಸೆವಿಯಾದಿಂದ ಅತಿವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ, ಮ್ಯಾಡ್ರಿಡ್‌ನಿಂದ ಎರಡು ಗಂಟೆಯೊಳಗೆ ಸಿಗುವ ಊರಾದ್ದರಿಂದ ಇದನ್ನು ಒಂದು ದಿನದ ಭೇಟಿಯಾಗಿ ಎಲ್ಲಿಯಾದರೂ ಸೇರಿಸಿಬಿಡುತ್ತಾರೆ. ಊರಿನ ಮುಖ್ಯ ಆಕರ್ಷಣೆ, ಕ್ರಿ.ಶ. 785ರಲ್ಲಿ ಕಟ್ಟಲು ಆರಂಭಿಸಿದ ಮೆಸ್ಕೀತಾ ಮಸೀದಿ, ಅದು ಈಗ ಕ್ಯಾಥೆಡ್ರಲ್, ಸೋಮವಾರ ತೆರೆದಿರುತ್ತದೆ ಎಂದು ತಿಳಿದು ನಿಶ್ಚಿಂತರಾಗುತ್ತಾರೆ. ಅದು ನಿಜವೇ. ಆದರೆ ಮೆದೀನಾ ಅಸಾರಾ, ಕ್ರೈಸ್ತ ದೊರೆಗಳ ಅಲ್ಕಾಸರ್, ಹಳೆಯ ಯೆಹೂದಿ ಪ್ರಾರ್ಥನಾಮಂದಿರ, ಪುರಾತತ್ವ ಸಂಗ್ರಹಾಲಯ, ವಿಯಾನಾ ಅರಮನೆ ಇವಾವುವೂ ಅಂದು ತೆರೆಯುವುದಿಲ್ಲ. ಮೆದೀನಾ ಅಸಾರಾ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಖಲೀಫರ ಪಾಳುನಗರ. ಅಷ್ಟು ದೂರ ಹೋಗಿ ಅದನ್ನು ತಪ್ಪಿಸಿಕೊಳ್ಳುವುದು ಸಣ್ಣ ನಷ್ಟವಲ್ಲ.

ಹಾಗಿದ್ದೂ ಸೋಮವಾರವೇ ಕೊರ್ಡೊಬಾಕ್ಕೆ ಹೋಗಬೇಕಾಗಿ ಬಂದರೆ ಹಿಂದಿನ ರಾತ್ರಿಯೇ ಹೋಗಿ ತಂಗಿರಿ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8:30ರಿಂದ 9:30ರವರೆಗೆ ಮೆಸ್ಕೀತಾದೊಳಗೆ ಒಬ್ಬೊಬ್ಬರಾಗಿ ಹೋಗುವವರಿಗೆ ಪ್ರವೇಶ ಉಚಿತ, ಗುಂಪುಗಳಿಗೆ ಆಗ ಅವಕಾಶವಿಲ್ಲ. ಎಂಟುನೂರಕ್ಕೂ ಹೆಚ್ಚು ಕಂಬಗಳ ಆ ಕಾಡಿನಲ್ಲಿ, ಮೈಕಿನ ಮಾರ್ಗದರ್ಶಿಗಳ ಗದ್ದಲ ಆರಂಭವಾಗುವ ಮೊದಲು, ಕೆಂಪು ಬಿಳಿ ಪಟ್ಟೆಗಳ ಕಮಾನುಗಳ ಕೆಳಗೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತದೆ. ಭಾನುವಾರ ಈ ಸೌಲಭ್ಯವಿಲ್ಲ, ಪೂಜೆಗಾಗಿ ನಡುವೆ ಮೂರೂವರೆ ಗಂಟೆ ಪ್ರವಾಸಿಗರನ್ನು ಬಿಡುವುದೂ ಇಲ್ಲ. ಹೀಗಾಗಿ ಮೆಸ್ಕೀತಾ ಒಂದರ ಮಟ್ಟಿಗೆ ಸೋಮವಾರವೇ ಭಾನುವಾರಕ್ಕಿಂತ ವಾಸಿ. ಆಮೇಲೆ ರೋಮನ್ ಸೇತುವೆ ದಾಟಿ ಆಚೆ ದಡದ ಕಲಾಓರ್ರಾ ಗೋಪುರ, ತಿರುಗಿ ಬಂದು ಹಳೆಯ ಯೆಹೂದಿ ಕೇರಿಯಾದ ಹುದೇರಿಯಾದ ಬಿಳಿ ಗೋಡೆಯ ಓಣಿಗಳು. ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಮೆದೀನಾ ಅಸಾರಾಕ್ಕೆ ಹೋಗಿ ಮಧ್ಯಾಹ್ನದ ರೈಲು ಹಿಡಿದರೆ ಕೊರ್ಡೊಬಾ ಪೂರ್ತಿಯಾಗುತ್ತದೆ.

ಊರುಗಳಾಚೆಗೆ ಹೋಗುವವರಿಗೆ: ಕಡಿದಾದ ಕಮರಿಯ ಗೋಡೆಗೆ ಅಂಟಿಕೊಂಡ ಹಾದಿಯಾದ ಕಾಮಿನೀತೊ ದೆಲ್ ರೇ ಸೋಮವಾರ ಮುಚ್ಚಿರುತ್ತದೆ. 1959ರಲ್ಲಿ ಸ್ಥಳೀಯ ಹುಡುಗರು ಪತ್ತೆಹಚ್ಚಿದ ನೆರ್ಹಾ ಗುಹೆಗಳು ತೆರೆದಿರುತ್ತವೆ. ಅವುಗಳಿಗೆ ರಜೆ ಜನವರಿ 1 ಮತ್ತು ಮೇ 15 ಮಾತ್ರ. ರೊಂಡಾದಲ್ಲಿ 98 ಮೀಟರ್ ಎತ್ತರದ ಸೇತುವೆಯೇ ಮುಖ್ಯ ನೋಟ, ಅದಕ್ಕೆ ಬಾಗಿಲೇ ಇಲ್ಲ. ಅಂತೆಕೇರಾದ ಶಿಲಾಸಮಾಧಿಗಳಿಗೆ ಸೋಮವಾರ ಬೀಗ ಬಿದ್ದರೂ ಅದರ ಪಕ್ಕದ ಎಲ್ ತೊರ್ಕಾಲ್‌ನ ಸುಣ್ಣಕಲ್ಲಿನ ಬೆಟ್ಟದಲ್ಲಿ ನಡೆದಾಡಬಹುದು. ಕಾದಿಸ್‌ನಲ್ಲಿ ಅಂದು ಸಂಗ್ರಹಾಲಯ ಮುಚ್ಚಿದ್ದರೂ ತವೀರಾ ಗೋಪುರ ಸಿಗುತ್ತದೆ.

ನಾಲ್ಕನೆಯದು: ಪಂಚಾಂಗ ನೋಡುವುದು

ಆ ಸೋಮವಾರ ಸಾರ್ವಜನಿಕ ರಜಾದಿನವೂ ಹೌದೇ ಎಂದು ನೋಡಿಕೊಳ್ಳಬೇಕು. ಆಂಡಲೂಸಿಯಾದಲ್ಲಿ ರಜೆಯೊಂದು ಭಾನುವಾರ ಬಿದ್ದರೆ ಅದನ್ನು ಮರುದಿನ ಸೋಮವಾರಕ್ಕೆ ಸರಿಸುವ ರೂಢಿಯಿದೆ. ಫೆಬ್ರವರಿ 28 ಇಡೀ ಪ್ರಾಂತ್ಯದ ದಿನಾಚರಣೆ. ಇವಲ್ಲದೆ ಪ್ರತಿಯೊಂದು ಊರಿಗೂ ವರ್ಷಕ್ಕೆ ಎರಡು ಸ್ಥಳೀಯ ರಜೆಗಳಿರುತ್ತವೆ, ಅವು ಪಕ್ಕದ ಊರಿಗೆ ಅನ್ವಯಿಸುವುದಿಲ್ಲ. ರಜೆಯ ಸೋಮವಾರ ಕೆಲವು ಸಂಗ್ರಹಾಲಯಗಳು ಎಂದಿನ ನಿಯಮ ಮುರಿದು ಭಾನುವಾರದ ವೇಳೆಯಂತೆ ತೆರೆಯುವುದುಂಟು. ಫಲಕದಲ್ಲಿ ‘ಎಸ್ಸೆಪ್ತೊ ಫೆಸ್ತಿವೋಸ್’ ಎಂದಿದ್ದರೆ ಅದೇ ಸೂಚನೆ. ಈಸ್ಟರ್ ಮರುದಿನದ ಸೋಮವಾರ ಸ್ಪೇನಿನ ಈಶಾನ್ಯ ಭಾಗದ ಕತಲೂನ್ಯಾದಲ್ಲಿ ರಜೆ, ಆಂಡಲೂಸಿಯಾದಲ್ಲಿ ಅಲ್ಲ. ಆದರೆ ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಮಾತ್ರ ಮೇಲೆ ಹೇಳಿದ ಚರ್ಚುಗಳ ನಿಯಮವೇ ತಲೆಕೆಳಗಾಗುತ್ತದೆ. ಮೆರವಣಿಗೆಗಳು ಸೆವಿಯಾದ ಕ್ಯಾಥೆಡ್ರಲ್ ಮೂಲಕವೇ ಹಾದುಹೋಗುವುದರಿಂದ ಅಂದಿನ ಸೋಮವಾರಕ್ಕೆ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ.

ಸೋಮವಾರ ಮುಚ್ಚುವುದು ಸಂಗ್ರಹಾಲಯಗಳಷ್ಟೇ ಅಲ್ಲ, ಅನೇಕ ಊಟದ ಮನೆಗಳೂ ಅಂದು ಬಾಗಿಲು ತೆರೆಯುವುದಿಲ್ಲ. ರಾತ್ರಿಯ ಊಟಕ್ಕೆ ಒಂದು ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಅದನ್ನೂ ಇದೇ ರೀತಿ ಪರೀಕ್ಷಿಸಿ.

ಐದನೆಯದು: ಟಿಕೆಟ್ಟು, ಹೆಸರು, ವೇಳೆ

ಉಳಿದ ಕಡೆ ಬಾಗಿಲು ಮುಚ್ಚಿದ್ದಾಗ ಜನರೆಲ್ಲ ತೆರೆದಿರುವ ಕಡೆಗೇ ಹೋಗುತ್ತಾರೆ. ಹಾಗಾಗಿ ಸೋಮವಾರದ ಅಲ್ಹಂಬ್ರಾ, ಅಲ್ಕಾಸರ್ ಟಿಕೆಟ್ಟುಗಳನ್ನು ವೀಸಾ ಕೈಗೆ ಬಂದ ಕೂಡಲೇ ತೆಗೆದುಕೊಳ್ಳುವುದು ಒಳ್ಳೆಯದು. ಅಲ್ಹಂಬ್ರಾದಲ್ಲಿ ದಿನಕ್ಕೆ ಬಿಡುವ ಜನರ ಸಂಖ್ಯೆಗೆ ಮಿತಿಯಿದೆ. ಟಿಕೆಟ್ಟಿನ ಮೇಲೆ ಇರುವ ಗಂಟೆ ಬೆಟ್ಟಕ್ಕೆ ಬರುವ ಸಮಯವಲ್ಲ, ನಸ್ರಿದ್ ಅರಮನೆಗಳ ಬಾಗಿಲಲ್ಲಿ ನಿಲ್ಲಬೇಕಾದ ಸಮಯ. ಮುಖ್ಯದ್ವಾರದಿಂದ ಅಲ್ಲಿಗೆ ತೋಟದ ನಡುವೆ ಕಾಲುಗಂಟೆಯಾದರೂ ನಡೆಯಬೇಕು. ತಡವಾದರೆ ಒಳಗೆ ಬಿಡುವುದಿಲ್ಲ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಅಲ್ಹಂಬ್ರಾದ ಟಿಕೆಟ್ಟಿನಲ್ಲಿ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಇಲ್ಲಿ ನಮ್ಮವರಿಗೊಂದು ವಿಶೇಷ ಕಷ್ಟ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಶಿಯಲ್ ಆಗಿ ಇಟ್ಟುಕೊಂಡ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ. ಸ್ಪೇನಿನಲ್ಲಾದರೋ ಒಬ್ಬೊಬ್ಬರಿಗೂ ಎರಡೆರಡು ಉಪನಾಮ, ಹಾಗಾಗಿ ಅವರ ಅರ್ಜಿಗಳಲ್ಲಿ ‘ಆಪೆಯೀದೊಸ್’ ಎಂಬ ಜಾಗವನ್ನು ತುಂಬದೆ ಮುಂದೆ ಹೋಗಲು ಆಗದಿರಬಹುದು. ಆಗ ವಿಮಾನದ ಟಿಕೆಟ್ಟಿನಲ್ಲಿ ಹೆಸರನ್ನು ಹೇಗೆ ಎರಡಾಗಿ ಒಡೆದಿರಿಯೋ ಹಾಗೆಯೇ ಇಲ್ಲಿಯೂ ಒಡೆಯಿರಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಪದವನ್ನು ಸೇರಿಸಬೇಡಿ, ಮನೆಯಲ್ಲಿ ಕರೆಯುವ ಹೆಸರನ್ನಂತೂ ಬರೆಯಲೇಬೇಡಿ. ಪಾಸ್‌ಪೋರ್ಟ್ ಸಂಖ್ಯೆಯನ್ನು ಎರಡು ಸಲ ಹೋಲಿಸಿ ನೋಡಿ. ಮಕ್ಕಳಿಗೂ ಟಿಕೆಟ್ಟು ಬೇಕು, ಶುಲ್ಕವಿಲ್ಲದಿದ್ದರೂ ಅವರ ಹೆಸರನ್ನು ಕೂಡ ನಮೂದಿಸಬೇಕು. ಅಂದು ಪಾಸ್‌ಪೋರ್ಟನ್ನು ಹೋಟೆಲಿನ ತಿಜೋರಿಯಲ್ಲಿ ಬಿಟ್ಟು ಹೊರಡಬಾರದು. ಬೆಟ್ಟದಿಂದ ಇಳಿದು ಹೋಗಿ ತರುವಷ್ಟರಲ್ಲಿ ನಸ್ರಿದ್ ಅರಮನೆಯ ನಿಮ್ಮ ವೇಳೆ ಕಳೆದಿರುತ್ತದೆ.